ತೂಬು ರಿಪೇರಿಗೂ ದುಡ್ಡು ಕೊಡಿ

ಮಾನ್ಯ ಸಂಪಾದಕರೇ,

ಕೋಲಾರ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ನಾನು 19 ವರ್ಷದಿಂದ ನೀರುಗಂಟಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮೋಟರ್ ಆನ್ ಮಾಡುತ್ತೇನೆ. ಟ್ಯಾಂಕ್ ತುಂಬಿದ ಮೇಲೆ ಬೀದಿ ಬೀದಿಗೆ ಹೋಗಿ ವಾಲ್ವ್ ತಿರುಗಿಸುತ್ತೇನೆ. ನಮ್ಮ ತಾತನೂ ನೀರುಗಂಟಿಯೇ. ಅವರ ಕಾಲದಲ್ಲಿ ಈ ಕೆಲಸ ಕೆರೆಯ ತೂಬಿನ ಹತ್ತಿರ, ಅಂದರೆ ಕೆರೆಯಿಂದ ಗದ್ದೆಗೆ ನೀರು ಬಿಡುವ ಬಾಗಿಲಿನ ಹತ್ತಿರ ಇತ್ತು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವರು ಹೇಳಿದ್ದೇ ಲೆಕ್ಕ. ಸುಗ್ಗಿಯಲ್ಲಿ ಕಣದ ಮುಂದೆ ನಿಂತರೆ ಮೊರದಲ್ಲಿ ರಾಗಿ, ಭತ್ತ ಹಾಕಿ ಕೊಡುತ್ತಿದ್ದರು. ಈಗ ಆ ಗದ್ದೆಗಳಲ್ಲಿ ಭತ್ತ ಇಲ್ಲ. ಟೊಮ್ಯಾಟೊ, ಹಿಪ್ಪುನೇರಳೆ ಇವೆ. ಎಲ್ಲವೂ ಬೋರ್‌ವೆಲ್ ನೀರಿನಲ್ಲಿ.

ನಮ್ಮೂರಿನ ಕುಡಿಯುವ ನೀರಿಗೆ ಇಲ್ಲಿಯವರೆಗೆ 11 ಬೋರ್ ಕೊರೆದಿದ್ದಾರೆ. ಮೂರು ಓಡುತ್ತಿವೆ. ಮೊದಲನೆಯದರಲ್ಲಿ 280 ಅಡಿಗೆ ಎರಡು ಇಂಚು ನೀರು ಸಿಕ್ಕಿತ್ತು. ಹೋದ ಬೇಸಿಗೆಯಲ್ಲಿ ಕೊನೆಯದನ್ನು 1,420 ಅಡಿ ಇಳಿಸಿದರು. ರಾತ್ರಿಯಿಡೀ ರಿಗ್ ಲಾರಿ ಪಕ್ಕದಲ್ಲೇ ಕೂತಿದ್ದೆ. ಹೆಂಗಸರು ಊದುಬತ್ತಿ ಹಚ್ಚಿ, ತೆಂಗಿನಕಾಯಿ ಒಡೆದು ಕಾಯುತ್ತಿದ್ದರು. ಬೆಳಗಿನ ಜಾವದವರೆಗೂ ಬಂದದ್ದು ಬರೀ ಬಿಳಿ ಧೂಳು. ಎರಡೂವರೆ ಲಕ್ಷ ರೂಪಾಯಿ ಆ ತೂತಿನೊಳಗೆ ಹೋಯಿತು.

ಈ ಕಡೆಯ ನೆಲದ ಸ್ವಭಾವ ರಿಗ್ ಓಡಿಸುವ ಹುಡುಗರಿಗೂ ಗೊತ್ತು. ಮೇಲೆ ಒಂದಷ್ಟು ಅಡಿ ಮಣ್ಣು, ಕೊಳೆತ ಕಲ್ಲು. ಮಳೆನೀರು ಇಂಗಿ ನಿಲ್ಲುವುದು ಜಾಸ್ತಿ ಅಲ್ಲೇ. ಅದರ ಕೆಳಗೆ ಗಟ್ಟಿ ಬಂಡೆ. ಬಂಡೆಯಲ್ಲಿ ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಧೂಳು. ಸಾವಿರ ಅಡಿ ಕೆಳಗಿನ ಬಿರುಕಿನಲ್ಲಿರುವ ನೀರು ಎಷ್ಟೋ ಕಾಲದಿಂದ ಅಲ್ಲಿ ನಿಂತದ್ದು. ಒಮ್ಮೆ ಎತ್ತಿದರೆ ಒಂದೆರಡು ಮಳೆಗೆ ಅದು ಮತ್ತೆ ತುಂಬುವುದಿಲ್ಲ. ಕಲ್ಲಿನ ಜೊತೆ ಅಷ್ಟು ಕಾಲ ಇದ್ದದ್ದರಿಂದ ಫ್ಲೋರೈಡ್ ಕೂಡ ಹೀರಿಕೊಂಡಿರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಎರಡು ಬೋರ್‌ಗಳಲ್ಲಿ ದಾಟಿದೆ. ಶಾಲೆ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ಅದಕ್ಕೇ ಶುದ್ಧ ನೀರಿನ ಘಟಕ ಹಾಕಿದ್ದಾರೆ, ಐದು ರೂಪಾಯಿ ಹಾಕಿದರೆ ಒಂದು ಕ್ಯಾನ್ ನೀರು. ಆ ಘಟಕದ ಹಿಂದೆ ಒಂದು ಪೈಪ್ ಇದೆ. ಸೋಸಿ ಬಿಟ್ಟ ಉಪ್ಪು ನೀರು ಅದರಿಂದ ದಿನವೂ ಚರಂಡಿಗೆ ಹರಿಯುತ್ತದೆ. ಅಷ್ಟು ಆಳದಿಂದ ಎತ್ತಿದ ನೀರು ಅದು. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಾನು ಬರೆಯಬೇಕು ಅಂದುಕೊಂಡಿರುವುದು 2021ರ ನವೆಂಬರ್ ವಿಷಯ. ಆ ತಿಂಗಳು ಜಿಲ್ಲೆಯಲ್ಲಿ ಎಂಥ ಮಳೆ ಬಂತು ಅಂತ ನಿಮ್ಮ ಓದುಗರಿಗೆ ನೆನಪಿರಬಹುದು. ನಾನು ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ನಮ್ಮ ಕೆರೆ ಕೋಡಿ ಹರಿಯಿತು. ಹೆಂಗಸರು ತಂಬಿಟ್ಟಿನ ದೀಪ ತಂದು ಗಂಗಮ್ಮನಿಗೆ ಬೆಳಗಿದರು. ಕೋಡಿಯ ಕಲ್ಲಿನ ಮೇಲೆ ಮಕ್ಕಳು ಜಾರುತ್ತಿದ್ದರು. 20 ವರ್ಷದ ನನ್ನ ಮಗಳು ತುಂಬಿದ ಕೆರೆ ನೋಡಿದ್ದು ಆವತ್ತೇ. ಒಂದೇ ತಿಂಗಳಲ್ಲಿ, ಸತ್ತುಹೋಗಿದೆ ಅಂತ ಬಿಟ್ಟಿದ್ದ ಒಂದು ಬೋರ್‌ನಲ್ಲಿ ನೀರು ಮೇಲೆ ಬಂತು. ಕಲ್ಲು ಕಟ್ಟಿ ಇಳಿಸಿದ ಹಗ್ಗ 90 ಅಡಿಗೇ ಒದ್ದೆಯಾಯಿತು.

ಆದರೆ ತೂಬು ಕೆಟ್ಟಿತ್ತು. ಕಲ್ಲು ಸರಿದು ಬಾಗಿಲು ಕೂರುತ್ತಿರಲಿಲ್ಲ. ಹಗಲೂ ರಾತ್ರಿ ನೀರು ಸುಮ್ನೆ ಹರಿದುಹೋಗುತ್ತಿತ್ತು. ಮರಳು ಮೂಟೆ ಹಾಕಿದೆವು, ಹುಲ್ಲು ತುರುಕಿದೆವು, ಹುಡುಗರು ಮುಳುಗಿ ನೋಡಿದರು. ನಿಲ್ಲಲಿಲ್ಲ. ಶಿವರಾತ್ರಿ ಹೊತ್ತಿಗೆ ಕೆರೆಯಲ್ಲಿ ಕೆಸರು ಮಾತ್ರ ಉಳಿಯಿತು. ಅದಕ್ಕೂ ನಾಲ್ಕು ವರ್ಷ ಮುಂಚೆಯೇ ರಿಪೇರಿಗೆ ಅರ್ಜಿ ಕೊಟ್ಟಿದ್ದೆವು. ನೋಡಲು ಬಂದ ಎಂಜಿನಿಯರ್ ಮೂರು ಲಕ್ಷ ಆಗಬಹುದು ಅಂದಿದ್ದರು. ಆ ಹಣಕ್ಕೆ ಯಾವ ಬಾಬ್ತೂ ಸಿಗಲಿಲ್ಲವಂತೆ. ಬೋರ್‌ವೆಲ್‌ಗೆ ಮಾತ್ರ ಪ್ರತಿ ಬೇಸಿಗೆ ವಾರದಲ್ಲಿ ಮಂಜೂರಾತಿ ಬರುತ್ತದೆ. ನೀರು ಎತ್ತಲು ಸಿಗುವ ದುಡ್ಡು ನೀರು ನಿಲ್ಲಿಸಲು ಸಿಗುವುದಿಲ್ಲ. ಇದು ಬದಲಾಗಬೇಕು ಅಂತಲೇ ಈ ಕಾಗದ.

ನಮ್ಮ ಜಿಲ್ಲೆಗೆ ನದಿ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮಳೆ ಇದೆ ಅಲ್ವಾ? ವರ್ಷಕ್ಕೆ 700 ಮಿಲಿಮೀಟರ್ ಅಂತ ಇಟ್ಟುಕೊಂಡರೂ ಒಂದು ಎಕರೆ ಮೇಲೆ 28 ಲಕ್ಷ ಲೀಟರ್ ಬೀಳುತ್ತದೆ. 6,000 ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ 450ಕ್ಕೂ ಜಾಸ್ತಿ. ಅದನ್ನು ಕೆರೆಗೆ ತರಲು ರಾಜಕಾಲುವೆ ಬೇಕು. ನಮ್ಮ ಕೆರೆಗೆ ಮೂರು ಕಾಲುವೆ ಇದ್ದವು. ಒಂದು ಲೇಔಟ್ ಒಳಗೆ ಹೋಗಿದೆ, ಇನ್ನೊಂದರಲ್ಲಿ ಲಂಟಾನ ಬೆಳೆದು ನಿಂತಿದೆ. ನರೇಗಾದಲ್ಲಿ ಒಮ್ಮೆ ಕೆರೆ ಹೂಳು ತೆಗೆದರು, ಒಳ್ಳೆಯ ಕೆಲಸ. ಕಾಲುವೆಯನ್ನು ಯಾರೂ ಮುಟ್ಟಲಿಲ್ಲ.

ಪಕ್ಕದ ಊರಿನ ಕೆರೆಗೆ ಬೆಂಗಳೂರಿನಿಂದ ಕಳಿಸುವ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ಬರುತ್ತದೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂದ ನೀರು ಅದು. ಅಲ್ಲಿನ ರೈತರ ಬೋರ್‌ಗಳು ಚೇತರಿಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ, ಸುಳ್ಳು ಹೇಳಲಾರೆ. ಸರ್ಕಾರ ದುಡ್ಡು ಹಾಕಿದರೆ ನೆಲದೊಳಗೆ ನೀರು ಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಅದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಮಾತ್ರ ಶುದ್ಧ ಮಾಡಿ ಕಳಿಸುವ ನೀರು. ಅದೇ ನೆಲದಿಂದ ಎತ್ತಿದ ನೀರನ್ನು ನನ್ನಂಥವರು ಮನೆಮನೆಗೆ ಬಿಡುತ್ತೇವೆ. ಆದ್ದರಿಂದ ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು. ಎಷ್ಟು ಕೋಟಿ ಆದರೂ ಸರ್ಕಾರ ಮಾಡಬೇಕು. ಆ ಕೆರೆಗಳ ಸುತ್ತಲಿನ ಬೋರ್ ನೀರನ್ನು ಪ್ರತಿ ತಿಂಗಳು ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯ್ತಿ ಗೋಡೆ ಮೇಲೆ ಬರೆಸಬೇಕು.

ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಯ ಪರಿಷ್ಕೃತ ಅಂದಾಜು 23,251 ಕೋಟಿ ರೂಪಾಯಿ. ಆ ನೀರಿಗೆ ನಾವೂ ಕಾಯುತ್ತಿದ್ದೇವೆ. ಕೆರೆ ತುಂಬಿಸುವುದೂ ಆ ಯೋಜನೆಯಲ್ಲೇ ಇದೆ. ಅಷ್ಟು ದೂರದಿಂದ, ಬೆಟ್ಟ ಹತ್ತಿಸಿ ತಂದ ನೀರನ್ನು ತೂಬು ಸೋರುವ ಕೆರೆಗೆ ಬಿಟ್ಟರೆ ಹೇಗೆ? ಅಷ್ಟರೊಳಗೆ ತೂಬು, ಕೋಡಿ, ಏರಿ, ಕಾಲುವೆ ಸರಿಯಾಗಬೇಕು. ಇದಕ್ಕೆ ಪ್ರತಿ ವರ್ಷದ ಬಜೆಟ್‌ನಲ್ಲಿ ಬೇರೆ ಹಣ ಇಡಲಿ. ಒಂದು ಸಲ ರಿಪೇರಿ ಮಾಡಿ ಫೋಟೋ ತೆಗೆಸಿಕೊಂಡು ಹೋದರೆ ಸಾಲದು. ಕೆರೆಗೆ ದಿನವೂ ನೋಡುವ ಒಬ್ಬ ಮನುಷ್ಯ ಬೇಕು, ಅವನಿಗೆ ಸಂಬಳ ಬೇಕು.

ಬೋರ್ ಕೊರೆಯಲು ಅನುಮತಿ ಬೇಕು ಅಂತ 2011ರ ಅಂತರ್ಜಲ ಕಾಯ್ದೆ ಇದೆ. ನಮ್ಮ ಕಡೆ ರಾತ್ರೋರಾತ್ರಿ ರಿಗ್ ಬಂದು ಹೋಗುತ್ತದೆ. ಸಾಲ ಮಾಡಿ ಕೊರೆಸುವ ರೈತನನ್ನು ನಾನು ಬೈಯಲಾರೆ, ಅವನಿಗೆ ಬೇರೆ ದಾರಿ ಇಲ್ಲ. ಕೆರೆಯಲ್ಲಿ ನೀರು ನಿಂತರೆ ಅವನೂ ರಿಗ್ ಕರೆಸುವುದಿಲ್ಲ.

ನಮ್ಮ ಕಡೆ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ನಮ್ಮ ತೂಬು ರಿಪೇರಿ ಆಗಲಿ ಅಂತ ಕೇಳುತ್ತಿದ್ದೇನೆ. ಸಂಬಂಧಪಟ್ಟವರು ಯಾವ ದಿನ ಬಂದರೂ ಸರಿ, ಕಾಲುವೆ ಎಲ್ಲೆಲ್ಲಿ ತಿರುಗುತ್ತಿತ್ತು ಅಂತ ನಡೆದು ತೋರಿಸುತ್ತೇನೆ. ತಾತ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡಿದ ದಾರಿ ಅದು, ಮರೆತಿಲ್ಲ. ಬೆಳಿಗ್ಗೆ ಒಂಬತ್ತರ ಮೇಲೆ ಬರಲಿ. ಅದಕ್ಕೆ ಮುಂಚೆ ನೀರು ಬಿಡಬೇಕು.

ಇಂತಿ,
ಒಬ್ಬ ನೀರುಗಂಟಿ
ಕೋಲಾರ ತಾಲ್ಲೂಕು