ಆ ಮೂರನೆಯವನ ಬಗ್ಗೆ

ಪ್ರೀತಿಯ ಪುಟ್ಟಿ,

ನಿನ್ನ ಎಂ.ಎ. ಪ್ರಬಂಧ ಎರಡು ಸಲ ಓದಿದೆ. ಹನ್ನೊಂದು ಕಡೆ ‘ಸೂಚಿತ ಲೇಖಕ ಹೀಗೆ ಬಯಸುತ್ತಾನೆ’ ಅಂತ ಬರೆದಿದ್ದೀಯ. ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋದೆ. ಬರೆದವನೂ ಅಲ್ಲದ, ಕತೆ ಹೇಳುವವನೂ ಅಲ್ಲದ, ಓದುತ್ತಾ ನಾವೇ ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಈ ಮೂರನೆಯವನು, ಯಾರಮ್ಮ ಅವನು? ಪುಸ್ತಕದಲ್ಲಿ ಎಲ್ಲಿ ಕೂತಿದ್ದಾನೆ?

ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಈ ಮಾತು ತಂದಾಗ ಅದರ ಅಗತ್ಯ ಇತ್ತು. ಬರೆದವನ ಉದ್ದೇಶ ಕೇಳಲೇಬೇಡಿ ಅಂತ ವಿಮರ್ಶಕರು ಬಾಗಿಲು ಹಾಕಿಕೊಂಡಿದ್ದ ಕಾಲ. ಆದರೂ ಕತೆ ಯಾವುದನ್ನು ಸರಿ ಅನ್ನುತ್ತದೆ, ಯಾವುದನ್ನು ತಪ್ಪು ಅನ್ನುತ್ತದೆ ಅಂತ ಮಾತಾಡಬೇಕಿತ್ತಲ್ಲ. ಅದಕ್ಕೆ ಬೂತ್ ದಾರಿ ಮಾಡಿಕೊಟ್ಟರು. ಆಮೇಲೆ 1983ರಲ್ಲಿ ಫ್ರಾನ್ಸಿನ ವಿಮರ್ಶಕ ಜೆರಾರ್ ಜೆನೆಟ್, ಬರೆದವನೂ ಕತೆ ಹೇಳುವವನೂ ಸಾಕು, ನಡುವೆ ಮೂರನೆಯವನು ಯಾಕೆ ಅಂದರು. ನನಗೆ ಜೆನೆಟ್ ಮಾತೇ ಜಾಸ್ತಿ ಒಪ್ಪಿಗೆ.

ಮಾರ್ಕ್ ಟ್ವೇನ್ ಬರೆದ ಹಕಲ್‌ಬೆರಿ ಫಿನ್ ಕಾದಂಬರಿಯ 31ನೇ ಅಧ್ಯಾಯ ಇನ್ನೊಮ್ಮೆ ತೆಗೆ. ಓಡಿಬಂದ ಗುಲಾಮ ಜಿಮ್ ಎಲ್ಲಿದ್ದಾನೆ ಅಂತ ತಿಳಿಸಲು, ಕತೆ ಹೇಳುವ ಹುಡುಗ ಹಕ್ ಜಿಮ್‌ನ ಒಡತಿಗೆ ಚೀಟಿ ಬರೆಯುತ್ತಾನೆ. ಓಡಿಬಂದ ಗುಲಾಮನಿಗೆ ನೆರವಾಗುವುದು ಪಾಪ ಅಂತ ಕಲಿತವನು, ಆ ಪಾಪ ತೊಳೆದುಹೋದ ಹಾಗೆ ಹಗುರಾಗುತ್ತಾನೆ. ಚೀಟಿ ಪಕ್ಕಕ್ಕಿಟ್ಟು ಸುಮ್ನೆ ಯೋಚಿಸುತ್ತಾ ಕೂತಾಗ ಜಿಮ್ ನೆನಪಾಗುತ್ತಾನೆ. ರಾತ್ರಿ ಕಾವಲಿನಲ್ಲಿ ತನ್ನ ಪಾಳಿ ಮುಗಿದರೂ ಹಕ್‌ನನ್ನು ಎಬ್ಬಿಸದೆ, ಅವನ ಪಾಳಿಯನ್ನೂ ತಾನೇ ಕಾಯುತ್ತಿದ್ದ ಜಿಮ್. ಚೀಟಿ ಕೈಗೆತ್ತಿಕೊಂಡ ಹಕ್ ನಡುಗುತ್ತಾನೆ. ಸರಿ, ನರಕಕ್ಕೇ ಹೋಗ್ತೀನಿ ಅಂತ ಹರಿದುಹಾಕುತ್ತಾನೆ.

ತಾನು ಕೆಟ್ಟವನು ಅಂತಲೇ ಅವನ ನಂಬಿಕೆ. ಓದುವ ನಮಗೆ ಹಾಗನ್ನಿಸುವುದಿಲ್ಲ, ಅಲ್ವಾ? ಇಲ್ಲಿ ಹುಡುಗನ ಬೆನ್ನ ಹಿಂದೆ ಲೇಖಕ ಅವನನ್ನು ಮೆಚ್ಚಿಕೊಳ್ಳುತ್ತಿದ್ದಾನೆ ಅಂತ ಬೂತ್ ಹೇಳುತ್ತಾರೆ. ನೀನೂ ಅದನ್ನೇ ಬರೆದು ನಿಲ್ಲಿಸಿದ್ದೀಯ. ನಾನಾಗಿದ್ದರೆ ಆ ಪಾಳಿಯ ಮಾತು ಹಿಡಿಯುತ್ತಿದ್ದೆ. ಆ ನೆನಪು ಚೀಟಿಗೆ ಮೊದಲೇ ಬಂದಿದ್ದರೆ ಹಕ್ ಚೀಟಿ ಬರೆಯುತ್ತಲೇ ಇರಲಿಲ್ಲ, ಹರಿಯುವ ಪ್ರಶ್ನೆಯೂ ಇರಲಿಲ್ಲ. ನಮ್ಮ ಮನಸ್ಸು ತಿರುಗಿಸಿದ್ದು ಚೀಟಿ ಮೊದಲು, ನೆನಪು ಆಮೇಲೆ ಅನ್ನುವ ಆ ಹಿಂದುಮುಂದು.

ಆದರೆ ಕೊನೆಯ ಅಧ್ಯಾಯಗಳಲ್ಲಿ ಹಕ್‌ನ ಗೆಳೆಯ ಟಾಮ್ ಬರುತ್ತಾನೆ. ಜಿಮ್‌ನ ಸೆರೆಯನ್ನೇ ಆಟ ಮಾಡಿಕೊಳ್ಳುತ್ತಾನೆ. ಹಕ್ ಅದಕ್ಕೆ ಸೇರಿಕೊಳ್ಳುತ್ತಾನೆ. 31ರಲ್ಲಿ ನಾನು ಮನಸ್ಸಿನಲ್ಲಿ ಕಟ್ಟಿಕೊಂಡ ಲೇಖಕ ನನಗೆ ಅಲ್ಲಿ ಸಿಗುವುದೇ ಇಲ್ಲ. ಪ್ರತಿ ಸಲ ಓದಿದಾಗಲೂ ಹೊಟ್ಟೆಯಲ್ಲಿ ಸಂಕಟ. ನೀನು ಅದನ್ನು ಎರಡೇ ಸಾಲಿನಲ್ಲಿ ದಾಟಿಸಿ, ಒಬ್ಬನೇ ಲೇಖಕ ಅಂತ ಹೊಂದಿಸಿಬಿಟ್ಟಿದ್ದೀಯ.

ಅಲ್ಲಿಂದಲೇ ಮತ್ತೆ ಶುರು ಮಾಡು. ಹೊಂದಿಸಬೇಡ. ಭಾನುವಾರ ಬರ್ತೀಯಲ್ಲ, ಗುರುತು ಹಾಕಿದ ಪ್ರತಿ ಮೇಜಿನ ಮೇಲೇ ಇರುತ್ತದೆ.

ನಿನ್ನ
ದೊಡ್ಡಪ್ಪ