ಹುಳ ಬೀಳದ ಗಿಡ ಯಾರಿಗೆ ಬೇಕು?

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಪಾರ್ಕಿನ ಬೇಲಿಯುದ್ದಕ್ಕೂ ಹಳೆಯ ಕೇಪಳ (ಇಕ್ಸೋರಾ), ದಾಸವಾಳದ ಪೊದೆಗಳಿದ್ದವು. ಜೂನ್‌ನಲ್ಲಿ ಅವನ್ನು ಕಿತ್ತು ಹಳದಿ ಎಲೆಯ ಡುರಾಂಟಾ ನೆಟ್ಟರು. ಯಾಕಪ್ಪಾ ಅಂತ ಕೇಳಿದೆ. 'ಇದಕ್ಕೆ ಹುಳ ಬೀಳಲ್ಲ ಅಮ್ಮಾ, ಕ್ಲೀನಾಗಿರುತ್ತೆ' ಅಂದರು. ನರ್ಸರಿಯಲ್ಲೂ ಇದೇ ಮಾತು. ನನ್ನ ತಕರಾರು ಇರುವುದು ಇಲ್ಲೇ.

ಮೈಸೂರಿನಲ್ಲಿ 31 ವರ್ಷದಿಂದ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದೇನೆ. ಮಷಿನ್ ಇರುವುದು ಕಿಟಕಿ ಪಕ್ಕ. ಆಚೆ ನಾಲ್ಕಡಿ ಅಗಲದ ಮಣ್ಣು. ಅಲ್ಲಿ ಕರಿಬೇವು, ಐದೆಸಳಿನ ಕೆಂಪು ದಾಸವಾಳ, ಪುತ್ತೂರಿನ ತವರಿನಿಂದ ತಂದ ಕೇಪಳ, ಇಷ್ಟೇ.

ಮೊದಲು ನಾನೂ ಕರಿಬೇವಿನ ಹುಳ ಹೊಸಕಿ ಹಾಕುತ್ತಿದ್ದವಳೇ. ಚಿಕ್ಕದಿದ್ದಾಗ ಅದು ಥೇಟ್ ಹಕ್ಕಿ ಹಿಕ್ಕೆಯಂತೆ. ಬಲಿತರೆ ಎಲೆಯದೇ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವೆಯಂಥದ್ದನ್ನು ಹೊರಗೆ ಚಾಚುತ್ತದೆ, ಜೊತೆಗೊಂದು ಘಾಟು. ಒಂದು ವರ್ಷ ಸುಮ್ನೆ ಬಿಟ್ಟು ನೋಡಿದೆ. ಮೂರಡಿ ಗಿಡ ಬೋಳಾಯಿತು. ಒಗ್ಗರಣೆ ಸೊಪ್ಪಿಗೆ ಪಕ್ಕದ ಮನೆಗೆ ಓಡಾಡಿದೆ. ಆಮೇಲೆ ಗಿಡವೂ ಚಿಗುರಿತು, ಕಿಟಕಿ ಸರಳಿನ ಮೇಲೆ ಒಂದು ಕಪ್ಪು ಚಿಟ್ಟೆ ಕೂತು ರೆಕ್ಕೆ ಒಣಗಿಸಿಕೊಂಡಿತು. ಕಾಮನ್ ಮಾರ್ಮನ್ ಅನ್ನುತ್ತಾರೆ ಅದಕ್ಕೆ.

ಎಲ್ಲ ಹುಳವೂ ಚಿಟ್ಟೆಯಾಗುವುದಿಲ್ಲ ಬಿಡಿ. ಜಾಸ್ತಿ ಪಾಲು ಹಕ್ಕಿಗಳದ್ದು. ಸೂರಕ್ಕಿ ತಾನು ಹೂವಿನ ರಸ ಕುಡಿದರೂ ಮರಿಗೆ ತಿನ್ನಿಸುವುದು ಹುಳ, ಜೇಡವನ್ನೇ. ಹುಳ ಬೇಡ, ಹಕ್ಕಿ ಬೇಕು ಅಂದರೆ ಆಗುತ್ತದಾ?

ಹೋದ ಮಳೆಗಾಲ ದಾಸವಾಳದಲ್ಲಿ ಸಿಂಪಿಗ ಹಕ್ಕಿ ಎಲೆ ಹೊಲಿದು ಗೂಡು ಕಟ್ಟಿತ್ತು. ಮರಿ ಹಾರಿಹೋದ ಮೇಲೆ ಎಲೆ ತೆಗೆದು ಹೊಲಿಗೆ ನೋಡಿದೆ, ಕಸುಬಿನ ಚಾಳಿ! ನಮ್ಮ ಹಾಗೆ ಸಾಲಾಗಿ ಹೊಲಿಯುವುದಿಲ್ಲ ಅದು. ಒಂದೊಂದು ತೂತಿಗೂ ಒಂದೊಂದು ತುಂಡು ಹತ್ತಿ ಎಳೆ. ಗಂಟೂ ಇಲ್ಲ. ಎಳೆಯ ತುದಿ ಹೊರಗಡೆ ಉಂಡೆಯಾಗಿ ಉಬ್ಬಿ ನಿಂತಿದೆ, ಅದೇ ಹಿಡಿತ. ಎರಡು ಕಡೆ ಹಸಿರು ನೂಲಿತ್ತು. ನನ್ನ ಕಸದ ಬುಟ್ಟಿಯದ್ದೇ ಇರಬೇಕು.

ಪಾರ್ಕಿನಲ್ಲಿ ಕಿತ್ತದ್ದು ಇಂಥ ಪೊದೆಗಳನ್ನು, ಅದೂ ಗೂಡು ಕಟ್ಟುವ ಕಾಲದಲ್ಲಿ. ಡುರಾಂಟಾಕ್ಕಾದರೂ ಹೂ ಬಿಡಲು ಬಿಡುತ್ತಾರಾ? ತಿಂಗಳಿಗೊಮ್ಮೆ ಕತ್ತರಿ. 'ಚಿಟ್ಟೆ ಬೇಕಾದರೆ ಲಂಟಾನಾ ನೆಡೋಣ' ಅಂದ ಹಿರಿಯರೂ ಇದ್ದಾರೆ. ಅದರ ಹೂವಿಗೆ ಚಿಟ್ಟೆ ಬರುವುದು ನಿಜ. ಆದರೆ ಅದರ ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಎಲ್ಲೆಲ್ಲೋ ಹಾಕುತ್ತವೆ. ಬಂಡೀಪುರದಲ್ಲಿ ಲಂಟಾನಾ ಮೆಳೆಯ ಕೆಳಗೆ ಹುಲ್ಲೂ ಏಳದ ಸ್ಥಿತಿ ನೋಡಿದವರು ಅದರ ಸುದ್ದಿಗೆ ಹೋಗುವುದಿಲ್ಲ. ನಮ್ಮ ಕೇಪಳವೇ ಸಾಕಲ್ವಾ? ಹೂವಿಗೆ ಚಿಟ್ಟೆ, ಹಣ್ಣಿಗೆ ಪಿಕಳಾರ (ಬುಲ್‌ಬುಲ್) ಹಕ್ಕಿ. ಚಿಕ್ಕವರಿದ್ದಾಗ ಅದೇ ಹಣ್ಣಿಗೆ ನಾವೂ ಪೈಪೋಟಿ ಮಾಡುತ್ತಿದ್ದೆವು.

ಪಾರ್ಕಿನ ಗೇಟಿನ ಹತ್ತಿರ ಒಂದು ದಾಸವಾಳ ಉಳಿದಿದೆ. ಮಳೆಗಾಲ ಮುಗಿಯುವವರೆಗೆ ಅದಕ್ಕೆ ಕತ್ತರಿ ಹಾಕಬೇಡಿ. ಬೇಲಿಗೆ ಕೇಪಳದ ಗೆಲ್ಲು ಬೇಕಿದ್ದರೆ ನಮ್ಮ ಮನೆಗೆ ಬನ್ನಿ, ನಾನೇ ಕಡಿದು ಕೊಡುತ್ತೇನೆ.

– ಒಬ್ಬ ಟೈಲರಮ್ಮ, ಮೈಸೂರು