ನಾಣ್ಯದ ಮೇಲಿನ ಬೈಸನ್

ಆತ್ಮೀಯ ಓದುಗರೇ,

ಬೇಸಿಗೆ ರಜೆಯಲ್ಲಿ ನಮ್ಮ ಸಂಘದ ಎಷ್ಟೋ ಕುಟುಂಬಗಳು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಿ ಬಂದಿವೆ. ರಸ್ತೆಗೆ ಅಡ್ಡ ನಿಂತ ಬೈಸನ್ (ಅಲ್ಲಿನ ದೊಡ್ಡ ಕಾಡುದನ) ಫೋಟೊ ಎಲ್ಲರ ಫೋನಿನಲ್ಲೂ ಇದೆ. ಅದರ ಹಿಂದಿನ ಕಥೆಯನ್ನೂ ಮಕ್ಕಳಿಗೆ ಹೇಳಬೇಕು ಅಂತ ನನ್ನ ಆಸೆ.

ಒಂದು ಕಾಲಕ್ಕೆ ಅಮೆರಿಕದ ಬಯಲುಗಳಲ್ಲಿ ಕೋಟಿಗಟ್ಟಲೆ ಬೈಸನ್ ಇದ್ದವು. ಲಕೋಟಾ, ಶಾಯೆನ್, ಕಮಾಂಚಿ ಮೊದಲಾದ ಮೂಲನಿವಾಸಿ ಜನರಿಗೆ ಊಟ, ಬಟ್ಟೆ, ಡೇರೆ ಎಲ್ಲ ಅದರಿಂದಲೇ. 1870ರ ದಶಕದಲ್ಲಿ ರೈಲಿನ ಜೊತೆ ತೊಗಲಿನ ವ್ಯಾಪಾರವೂ ಬಂತು. ಕಾರ್ಖಾನೆಗಳ ಯಂತ್ರಗಳಿಗೆ ಬೆಲ್ಟ್ ಮಾಡಲು ಆ ತೊಗಲು ಬೇಕಿತ್ತು. ತೊಗಲು ಸುಲಿದು ಮಾಂಸವನ್ನು ಅಲ್ಲೇ ಕೊಳೆಯಲು ಬಿಟ್ಟರು. ಬೈಸನ್ ಇಲ್ಲವಾದರೆ ಮೂಲನಿವಾಸಿಗಳು ಮಣಿಯಲೇಬೇಕು ಅನ್ನುವ ಲೆಕ್ಕ ಸೇನೆಯ ಹಿರಿಯ ಅಧಿಕಾರಿಗಳಲ್ಲೂ ಇತ್ತು. ಇದನ್ನು ನಾನು ಬೇಟೆ ಅನ್ನಲಾರೆ. 1902ರ ಹೊತ್ತಿಗೆ ಯೆಲ್ಲೋಸ್ಟೋನ್‌ನಲ್ಲಿ ಉಳಿದದ್ದು ಸುಮಾರು ಎರಡು ಡಜನ್.

ಉಳಿಸಲು ಮುಂದೆ ಬಂದವರಲ್ಲೂ ಬೇಟೆಗಾರರಿದ್ದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ 1883ರಲ್ಲಿ ಡಕೋಟಾಗೆ ಹೋಗಿ ಬೈಸನ್ ಹೊಡೆದವರು. 1905ರಲ್ಲಿ ಶುರುವಾದ ಅಮೆರಿಕನ್ ಬೈಸನ್ ಸೊಸೈಟಿಗೆ ಅವರೇ ಗೌರವಾಧ್ಯಕ್ಷರು. 1907ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ 15 ಬೈಸನ್‌ಗಳನ್ನು ರೈಲಿಗೆ ಹತ್ತಿಸಿ ಓಕ್ಲಹೋಮಾಗೆ ಕಳಿಸಿದರು. ಕಮಾಂಚಿ ಮುಖಂಡ ಕ್ವಾನಾ ಪಾರ್ಕರ್ ಮತ್ತು ಅವರ ಜನ ನೋಡಲು ಬಂದಿದ್ದರು. ಎಳೆಯರು ಬೈಸನ್ ಬಗ್ಗೆ ಹಿರಿಯರ ಬಾಯಲ್ಲಿ ಕೇಳಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ.

1913ರಲ್ಲಿ ಐದು ಸೆಂಟಿನ ಹೊಸ ನಾಣ್ಯ ಬಂತು. ಒಂದು ಬದಿಗೆ ಬೈಸನ್, ಇನ್ನೊಂದು ಬದಿಗೆ ಮೂಲನಿವಾಸಿಯ ಮುಖ. ನೆಲ ಕಳೆದುಕೊಂಡ ಇಬ್ಬರೂ ದೇಶದ ಗುರುತಾದರು. 2016ರಲ್ಲಿ ಬೈಸನ್ ರಾಷ್ಟ್ರೀಯ ಸಸ್ತನಿಯೂ ಆಯಿತು. ಈ ನಾಣ್ಯ ಸಿಕ್ಕರೆ ಮಕ್ಕಳ ಕೈಗೆ ಕೊಡಿ, ಎರಡೂ ಬದಿ ತಿರುಗಿಸಿ ತೋರಿಸಿ.

ನಮ್ಮ ಹುಲಿಯದೂ ಹೆಚ್ಚುಕಮ್ಮಿ ಇದೇ ಕಥೆ ಅಲ್ವಾ? ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು ಹುಲಿ ಹೊಡೆದು, ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಬಂಡೀಪುರ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆಗೆ ಆರಿಸಿದ ಮೊದಲ ಕಾಡುಗಳಲ್ಲಿ ಬಂಡೀಪುರವೂ ಒಂದು. ಸಿಂಹದ ಜಾಗಕ್ಕೆ ಹುಲಿ ಬಂದು ರಾಷ್ಟ್ರೀಯ ಪ್ರಾಣಿಯಾಯಿತು. ಹುಲಿ ಉಳಿದದ್ದು ನನಗೆ ನಿಜಕ್ಕೂ ಹೆಮ್ಮೆ. ಆದರೆ ನಾಗರಹೊಳೆಯಲ್ಲಿ ತಮ್ಮ ಹಾಡಿ (ಕಾಡೊಳಗಿನ ಊರು) ಬಿಟ್ಟು ಹೊರಗೆ ಬರಬೇಕಾದವರು ಜೇನುಕುರುಬರು. ಮೋಜಿಗಾಗಿ ಹುಲಿ ಹೊಡೆದವರು ಅವರಲ್ಲ. ಹೆಮ್ಮೆಯ ಮಾತಾಡುವಾಗ ಅವರ ಹೆಸರನ್ನೂ ಹೇಳೋಣ.

ನಮ್ಮ ಓದುಗರಲ್ಲಿ ಹೆಗ್ಗಡದೇವನಕೋಟೆ, ಗುಂಡ್ಲುಪೇಟೆ, ಕೊಡಗಿನ ಕಡೆಯವರು ಬಹಳ ಜನ ಇದ್ದೀರಿ. ಕಾಡಾನೆಗಳನ್ನು ಅಟ್ಟಿ ಕೂಡಿಹಾಕಿ ಹಿಡಿಯುತ್ತಿದ್ದ ಕಾಕನಕೋಟೆಯ ಖೆಡ್ಡಾ ಕಣ್ಣಾರೆ ಕಂಡ ಹಿರಿಯರು ಮನೆಯಲ್ಲಿದ್ದರೆ ಫೋನ್ ಮಾಡಿ ಕೇಳಿ. ಕಾಡಂಚಿನ ಜನ ಅದನ್ನು ಹೇಗೆ ನೆನೆಯುತ್ತಾರೆ ಅನ್ನುವುದೂ ಬೇಕು. ಅವರ ಮಾತಿನಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಇದಕ್ಕೇ ಇಟ್ಟಿದ್ದೇವೆ.

— ಸಂಪಾದಕರು